ಅತ್ತೆ ಕೈಯಿಟ್ಟ ಗೋಡೆ

ಹೊಸ ಮನೆಗೆ ಬಂದ ದಿನ, ನೆಂಟರೆಲ್ಲ ನಡುಮನೆಯಲ್ಲಿ ಕೂತಿರುವಾಗ, ಅತ್ತೆ ಒಳಕೋಣೆಯ ಗೋಡೆಗೆ ಅಂಗೈ ಒತ್ತಿ "ಒಳಗೆ ಟೊಳ್ಳು" ಅಂದದ್ದನ್ನು ಮೇಸ್ತ್ರಿ ಇವತ್ತಿಗೂ ಮರೆತಿಲ್ಲ. ಹೇಳುವುದಿದ್ದರೆ ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಆದರೆ ಅತ್ತೆಗೆ ಕಿವಿ ಕೇಳಿಸುತ್ತಿರಲಿಲ್ಲ. ತನ್ನ ದನಿ ಎಷ್ಟು ದೊಡ್ಡದು ಅನ್ನುವುದು ತನಗೇ ತಿಳಿಯದ ಹೆಂಗಸು ಅವರು. ಮೆಲ್ಲಗೆ ಅಂದುಕೊಂಡು ಆಡಿದ ಮಾತು ಬೀದಿಯ ಆಚೆ ಮನೆಗೂ ಮುಟ್ಟಿತು. ಲೋಟ ಹಿಡಿದಿದ್ದ ನೆಂಟರು ಲೋಟದೊಳಗೇ ನಕ್ಕರು.

ಟೊಳ್ಳು ಅನ್ನುವುದು ಸುಳ್ಳೇನಲ್ಲ. ಬಿಸಿಲು ಬಡಿಯುವ ದಿಕ್ಕಿನ ಗೋಡೆ ಅದು. ಮೇಸ್ತ್ರಿ ಬೇಕೆಂದೇ ಎರಡು ಸಾಲು ಇಟ್ಟಿಗೆ ಕಟ್ಟಿ, ನಡುವೆ ಗೇಣಿಗಿಂತ ಹೆಚ್ಚು ಜಾಗ ಖಾಲಿ ಬಿಟ್ಟಿದ್ದ. ಹೊರಗಿನ ಸಾಲು ಕಾದರೂ ಒಳಗಿನದು ತಣ್ಣಗಿರಲಿ ಅಂತ. ಮಗಳು ಮಲಗುವ ಕೋಣೆ. ಊರವರ ಮನೆಗಳಲ್ಲಿ ಯಾರೂ ಕೇಳದ, ಯಾರೂ ಕೂಲಿ ಕೊಡದ ಕೆಲಸ ಅದು. ತನ್ನ ಮನೆಗೆ ಅಂತ ಜೀವ ತೇಯ್ದು ಮಾಡಿದ್ದ. ಅದನ್ನು ಹೋಗಿ ಹೋಗಿ ಟೊಳ್ಳು ಅನ್ನುವುದೇ?

ಜನ ಎದುರಿಗೆ ಅವನನ್ನು ಮೇಸ್ತ್ರಿ ಅನ್ನುತ್ತಿದ್ದರು, ಬೆನ್ನ ಹಿಂದೆ ಕೊತಕೊತ ಮೇಸ್ತ್ರಿ. ಸಿಟ್ಟು ಬಂದರೆ ಅವನ ದನಿಗೆ ಕಟ್ಟಡದ ಸಾರುವೆಯ ಮೇಲಿದ್ದವರು ಕೈಯಲ್ಲಿದ್ದ ಇಟ್ಟಿಗೆ ಬಿಡುತ್ತಿದ್ದರು. ಮರಳಿನ ಲಾರಿಯವನು ಇವನ ಸರದಿ ಬಂದರೆ ಮೊದಲು ಸುರಿದು ಆಮೇಲೆ ಲೆಕ್ಕ ಮಾತಾಡುತ್ತಿದ್ದ. ಆ ದನಿಗೆ ಹೆದರದೆ ಇದ್ದ ಜೀವ ಊರಲ್ಲಿ ಒಂದೇ, ಅತ್ತೆ. ಕೇಳಿಸಿದರೆ ತಾನೇ ಹೆದರುವುದು.

ಅತ್ತೆ ಹುಡುಗಿಯಾಗಿದ್ದಾಗಿನಿಂದ ಮಗ್ಗದ ಕಾರ್ಖಾನೆಯಲ್ಲಿ ದುಡಿದವರು. ತಗಡಿನ ಸೂರಿನ ಕೆಳಗೆ ನೂರಾರು ಮಗ್ಗ ಒಟ್ಟಿಗೆ ಬಡಿಯುವ ಜಾಗ. ಅಲ್ಲಿ ಕೂಗಿದರೂ ಪಕ್ಕದವಳಿಗೆ ಕೇಳಿಸದು. ಹಾಗಾಗಿ ಅಲ್ಲಿನ ಹೆಂಗಸರು ಬಾಯಿಯಾಡಿಸಿ, ಕೈಯಾಡಿಸಿ ಮಾತಾಡುತ್ತಿದ್ದರು. ನೂಲು ಕಡಿಯಿತು ಅನ್ನುವುದಕ್ಕೊಂದು ಸನ್ನೆ, ಮೇಲ್ವಿಚಾರಕ ಬಂದ ಅನ್ನುವುದಕ್ಕೊಂದು, ಅವನ ಹೊಟ್ಟೆ ನೋಡು ಅನ್ನುವುದಕ್ಕೆ ಇನ್ನೊಂದು. ಮಗ್ಗ ಕೆಡುವ ಮೊದಲೇ ಅದರ ಚೌಕಟ್ಟಿಗೆ ಕೈಯಿಟ್ಟರೆ ಅವರಿಗೆ ತಿಳಿಯುತ್ತಿತ್ತು. ಆ ಸದ್ದು ಅವರ ಕಿವಿಯನ್ನು ಸ್ವಲ್ಪ ಸ್ವಲ್ಪವೇ ತಿಂದು ಮುಗಿಸಿತು. ಉಳಿದದ್ದು ಆ ಕೈ. ಕೆಲಸ ಬಿಟ್ಟು ಮಗಳ ಮನೆಗೆ ಬಂದ ಮೇಲೂ ಗೋಡೆ, ಬಾಗಿಲು, ನೀರಿನ ಕೊಳಾಯಿ, ಯಾವುದನ್ನು ದಾಟಿದರೂ ಒಮ್ಮೆ ಕೈಯಿಟ್ಟು ಮುಂದೆ ಹೋಗುತ್ತಿದ್ದರು.

ತುಟಿ ನೋಡಿ ಮಾತು ತಿಳಿಯುವುದೂ ಅವರಿಗೆ ಬರುತ್ತಿತ್ತು. ಆದರೆ ಅಳಿಯನ ಮಾತು ಮಾತ್ರ ತಿಳಿಯುತ್ತಿರಲಿಲ್ಲ. ಒಮ್ಮೆ ಮೊಮ್ಮಗಳು ಪುಟ್ಟಿಯ ಕೈಲಿ ಹೇಳಿಸಿದರು, ನಿಮ್ಮಪ್ಪನ ಮಾತೆಲ್ಲ ಮೀಸೆಯಲ್ಲೇ ಸಿಕ್ಕಿಬೀಳ್ತದೆ, ಕತ್ತರಿಸ್ಕೊಂಡು ಬರಕ್ಕೆ ಹೇಳು ಅಂತ. ಮೇಸ್ತ್ರಿ ಕತ್ತರಿಸಲಿಲ್ಲ. ಇಬ್ಬರ ನಡುವೆ ಮಾತು ಅಲ್ಲಿಗೆ ನಿಂತಿತು. ಏನಿದ್ದರೂ ಪುಟ್ಟಿಯ ಮೂಲಕ. ಆ ಹುಡುಗಿ ಶಾಲೆಯ ಪಾಠಕ್ಕಿಂತ ಮೊದಲು ಅಜ್ಜಿಯ ಕೈಮಾತು ಕಲಿತವಳು. ಅಜ್ಜಿ ಮೊಮ್ಮಗಳು ಊಟಕ್ಕೆ ಕೂತರೆ ಬೆರಳುಗಳೇ ಹರಟೆ ಹೊಡೆಯುತ್ತಿದ್ದವು. ತನ್ನ ಬಗ್ಗೆಯೇ ಆಡುತ್ತಿದ್ದಾರೆ ಅಂತ ಮೇಸ್ತ್ರಿಗೆ ಗುಮಾನಿ. ಅದು ನಿಜವೂ ಇತ್ತು.

ಮೇಸ್ತ್ರಿಗೆ ಒಂದು ಅಭ್ಯಾಸ. ದಿನದ ಕೊನೆಗೆ ಬಾಂಡ್ಲಿಯಲ್ಲಿ ಉಳಿದ ಗಾರೆಯನ್ನು ಎಸೆಯುವವನಲ್ಲ. ಒದ್ದೆ ಗೋಣಿ ಮುಚ್ಚಿ ಮನೆಗೆ ತರುತ್ತಿದ್ದ. ತಂದ ಮೇಲೆ ಎಲ್ಲಾದರೂ ಬಿರುಕು, ತೂತು ಸಿಗುತ್ತದೆಯೇ ಅಂತ ಮನೆ ಸುತ್ತ ಒಂದು ಸುತ್ತು. ತೂತು ಕಂಡರೆ ಅವನ ಕೈ ತಡೆಯದು. ನೆರೆಮನೆಯವರ ಕಾಂಪೌಂಡಿನ ಇಲಿಬಿಲವನ್ನೂ ಕೇಳದೆ ಮುಚ್ಚಿ, ಅದರೊಳಗೆ ನೀರಿನ ಪೈಪು ಹೋಗಿತ್ತೆಂದು ಬೈಸಿಕೊಂಡವನು.

ಬೇಸಿಗೆ ಶುರುವಾದಾಗ ಒಂದು ಸಂಜೆ, ಆ ಬಿಸಿಲಿನ ಗೋಡೆಯ ಹೊರಮೈಯಲ್ಲಿ, ಸೂರಿನ ಕೆಳಗೆ, ಹೆಬ್ಬೆರಳು ಹೋಗುವಷ್ಟು ತೂತು ಕಂಡಿತು. ಮುಸ್ಸಂಜೆಯ ಮಬ್ಬು. ಏಣಿ ಹಾಕಿ ಹತ್ತಿ, ಗಾರೆ ತುರುಕಿ, ಕರಣೆಯಲ್ಲಿ ಸವರಿ ನುಣ್ಣಗೆ ಮಾಡಿದ. ಕೆಳಗೆ ಅತ್ತೆ ಬಂದು ನಿಂತು ಎರಡೂ ಕೈ ಆಡಿಸಿದರು. ಇನ್ನೊಂದು ತಪ್ಪು ಹುಡುಕಿದರು ಅಂದುಕೊಂಡು ಮೇಸ್ತ್ರಿ ಆ ಕಡೆ ತಿರುಗಲೇ ಇಲ್ಲ. ಪುಟ್ಟಿ ಆಗ ಮನೆಯಲ್ಲಿರಲಿಲ್ಲ. ಮುಖ ತಿರುಗಿಸಿದವನಿಗೆ ಎರಡನೇ ಸಲ ಹೇಳುವ ಹೆಂಗಸಲ್ಲ ಅತ್ತೆ. ಮಾತು ಅಲ್ಲೇ ಉಳಿಯಿತು.

ಮೊದಲು ಹೇಳಿದವಳು ಪುಟ್ಟಿಯೇ. ಅವಳ ಮಂಚ ಆ ಗೋಡೆಗೆ ತಾಗಿಕೊಂಡಿತ್ತು.

"ಅಮ್ಮ, ಗೋಡೆ ಉಸಿರಾಡ್ತಿದೆ."

ಹೆಂಡತಿ ನಕ್ಕಳು. ಮರುದಿನ ಹಾಸಿಗೆ ಮಡಿಸುವಾಗ ಅವಳ ಕೈ ಗೋಡೆಗೆ ತಾಗಿತು. ಬಿಸಿ. ಬಿಸಿಲಿನ ಬಿಸಿಯಲ್ಲ, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. ಬಿಸಿಲು ಇನ್ನೂ ಆ ಕಡೆ ಬಂದೇ ಇರಲಿಲ್ಲ. ಕಿವಿಯಿಟ್ಟಳು. ತುಂಬ ದೂರದಲ್ಲಿ ಬಹಳ ಜನ ಬಾಯಿ ಮುಚ್ಚಿಕೊಂಡು ಅಳುತ್ತಿರುವ ಹಾಗೆ ಒಂದು ಸದ್ದು. ಅವಳು ಕಿವಿ ಕಿತ್ತುಕೊಂಡಳು. ಆ ಕಡೆ ತಿರುಗಿ ನೋಡದೆ ಅಡುಗೆಮನೆಗೆ ಹೋದಳು.

ಆಮೇಲೆ ಕಲೆ ಬಂತು. ಸೂರಿನಿಂದ ಒಂದು ಮೊಳ ಕೆಳಗೆ ನಾಣ್ಯದಷ್ಟು ಕಪ್ಪು, ನಂತರ ತಟ್ಟೆಯಷ್ಟು. ಅದರಿಂದ ಒಂದು ಎಳೆ ಕೆಳಗಿಳಿಯತೊಡಗಿತು. ದಿನಕ್ಕೆ ಇಷ್ಟಿಷ್ಟೇ, ಅವಸರವಿಲ್ಲದೆ, ಮಂಚದ ತಲೆಯ ಕಡೆಗೆ. ಕೆಂಪಲ್ಲ, ಕಪ್ಪಲ್ಲ. ಹಳೇ ಗಾಯದ ಬಣ್ಣ. ಹೆಂಡತಿ ಒದ್ದೆ ಬಟ್ಟೆಯಿಂದ ಒರೆಸಿದರೆ ಬಟ್ಟೆ ಗೋಡೆಗೆ ಅಂಟಿಕೊಂಡಿತು. ಕೋಣೆ ತುಂಬ ಏನೋ ಕೊಳೆತ ಸಿಹಿಯ ವಾಸನೆ. ಅವಳು ಪುಟ್ಟಿಯ ಹಾಸಿಗೆಯನ್ನು ನಡುಮನೆಗೆ ತಂದಳು.

ಹೆಂಡತಿಯ ತಮ್ಮ ಬಣ್ಣದ ಕೆಲಸದವನು. ನೋಡಲು ಬಂದ, ತಲೆ ಓರೆ ಮಾಡಿದ, ಗೋಡೆಗೆ ಬೆರಳು ತಟ್ಟಿದ.

"ಭಾವ, ನಿಮ್ಮ ಗೋಡೆಗೆ ನೆಗಡಿ. ತೇವ ಕುಡಿದಿದೆ."

ಮೇಸ್ತ್ರಿ ಕಟ್ಟಿದ ಗೋಡೆಗೆ ತೇವ. ಅವನು ಬಾಯಿ ಬಿಟ್ಟ. ನನ್ನ ಗೋಡೆ ತೇವ ಕುಡಿದರೆ ನಾನು ಕರಣೆ ಕೆಳಗಿಟ್ಟು ನಿನ್ನ ಬಣ್ಣದ ಡಬ್ಬ ಹೊರುತ್ತೇನೆ ಅಂದ. ಇನ್ನೂ ಏನೇನೋ ಅಂದ. ಅವನು ಕೂಗುತ್ತಿದ್ದ ಹಾಗೆ ಗೋಡೆಯೊಳಗಿನ ಸದ್ದು ಏರಿತು. ಅವನು ನಿಲ್ಲಿಸಿದರೆ ಇಳಿಯಿತು. ಮತ್ತೆ ಒಂದು ಮಾತು ಕೂಗಿದ. ಮತ್ತೆ ಏರಿತು. ಈ ಸಲ ಹೆಂಡತಿಯೂ ಸೇರಿ ಮೂವರಿಗೂ ಕೇಳಿಸಿತು. ಭಾವಮೈದ ಚಪ್ಪಲಿ ಮೆಟ್ಟಿಕೊಂಡದ್ದೂ ಯಾರಿಗೂ ತಿಳಿಯಲಿಲ್ಲ, ಬಾಗಿಲಾಚೆ ನಿಂತಿದ್ದ.

ಬಾಗಿಲ ಸಂದಿಯಿಂದ ಪುಟ್ಟಿ ಅಂದಳು, "ಅದಕ್ಕೆ ನೀನು ಬೈಯೋದು ಇಷ್ಟ ಇಲ್ಲ ಅಪ್ಪ."

ಮೇಸ್ತ್ರಿ ಗೋಡೆಯಿಂದ ಒಂದು ಹೆಜ್ಜೆ ಹಿಂದೆ ಸರಿದ. ಇಟ್ಟಿಗೆ ಇಟ್ಟಿಗೆಯನ್ನೂ ತಾನೇ ಇಟ್ಟವನು. ಅದರಲ್ಲಿ ಏನಿದೆ ಅಂತ ತನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಗಾಳಿಯಿದೆ, ಗೇಣಗಲದ ಗಾಳಿ. ಗಾಳಿ ಉತ್ತರ ಕೊಡುವುದಿಲ್ಲ.

ಕೊನೆಗೆ ಒಂದು ಬೆಳಿಗ್ಗೆ ಹೆಂಡತಿ ಬಟ್ಟೆ ಗಂಟು ಕಟ್ಟಿದಳು. ಸಂಜೆಯೊಳಗೆ ಮಗಳನ್ನು ಕರೆದುಕೊಂಡು ತಮ್ಮನ ಮನೆಗೆ ಹೋಗುತ್ತೇನೆ, ನಿಮ್ಮ ಗೋಡೆಯ ಜೊತೆ ನೀವೇ ಸಂಸಾರ ಮಾಡಿ ಅಂದಳು. ಅವಳು ಕೂಗಲಿಲ್ಲ. ಅದೇ ಅವನಿಗೆ ಹೆಚ್ಚು ತಾಗಿತು. ಮನೆ ಕಟ್ಟಿ ಹೆಂಡತಿ ಮಕ್ಕಳನ್ನು ಕಳೆದುಕೊಳ್ಳುವುದಾದರೆ ಏನು ಕಟ್ಟಿದ ಹಾಗಾಯಿತು. ಇವತ್ತು ಅದು ಇರಬೇಕು, ಇಲ್ಲ ನಾನಿರಬೇಕು ಅಂದುಕೊಂಡ. ಸುತ್ತಿಗೆ ತೆಗೆದುಕೊಂಡ.

ನೆತ್ತಿಯ ಮೇಲೆ ಬಿಸಿಲಿದ್ದ ಹೊತ್ತು. ಹೆಂಡತಿ ಹೊರಗೆ ಜಗುಲಿಯಲ್ಲಿ ಗಂಟುಗಳ ಜೊತೆ ಕೂತಿದ್ದಳು. ಕಿಟಕಿ ಪರದೆ ಎಳೆದಿದ್ದರಿಂದ ಒಳಕೋಣೆ ಮಬ್ಬಾಗಿತ್ತು. ಮೇಸ್ತ್ರಿ ಬಲಬದಿಗೆ ಕಣ್ಣು ಹಾಯಿಸದೆ ನೇರ ಗೋಡೆಯ ಮುಂದೆ ನಿಂತು, ಕಲೆ ಎದೆಯೆತ್ತರಕ್ಕೆ ಇಳಿದಿದ್ದಲ್ಲಿಗೆ ಗುರಿಯಿಟ್ಟು ಬೀಸಿದ.

ಗಾರೆ ಒಡೆದು ಅಂಗೈಯಷ್ಟು ಹೋಳು ಕಳಚಿ ಬಿತ್ತು. ಅದರ ಹಿಂದಿನ ಇಟ್ಟಿಗೆಯೂ ಒಳಗೆ ಕುಸಿಯಿತು. ಆಗ ಗೋಡೆ ಕೂಗಿತು.

ಆ ಸದ್ದನ್ನು ಅವನು ಆಮೇಲೆ ಎಷ್ಟೋ ಜನಕ್ಕೆ ಹೇಳಲು ನೋಡಿದ್ದಾನೆ, ಆಗಿಲ್ಲ. ನೆಲ ನಡುಗಿತು ಅನ್ನುತ್ತಾನೆ. ಹಲ್ಲು ಜುಮ್ಮೆಂದಿತು ಅನ್ನುತ್ತಾನೆ. ತೂತಿನಿಂದ ಕಪ್ಪು ಹೊಗೆ ಉಕ್ಕಿತು. ಹೊಗೆ ಅಲ್ಲ, ಅದರಲ್ಲಿ ಒಂದೊಂದು ಚುಕ್ಕೆಗೂ ಜೀವ ಇತ್ತು. ಜೇನು.

ಮೊದಲ ಕ್ಷಣ ಅವನಿಗೆ ನಗು ಬಂದಿತು. ಇಷ್ಟೇನಾ ಅನಿಸಿತು. ಎರಡನೆಯ ಕ್ಷಣದಲ್ಲಿ ಬಲಕ್ಕೆ ತಿರುಗಿದ. ತೂತಿನ ಆಚೆ, ಗೋಡೆಯ ಮೂಲೆಯಲ್ಲಿ, ಬರಿಯ ಮಂಚದ ಮೇಲೆ ಪುಟ್ಟಿ ಕೂತಿದ್ದಳು. ಬಿಟ್ಟು ಹೋಗಿದ್ದ ಗೊಂಬೆ ಹುಡುಕಲು ಬಂದವಳು. ಬಾಗಿಲು ಈ ಕಡೆ, ಮಗು ಆ ಕಡೆ, ನಡುವೆ ಆ ತೂತು.

ಅವನು ಅವಳ ಹೆಸರು ಕೂಗಿದ, ಅವನ ಪೂರ್ತಿ ದನಿಯಲ್ಲಿ. ಇಡೀ ಹಿಂಡು ಒಂದೇ ಮೈಯಂತೆ ಅವನ ದನಿಯ ಕಡೆಗೆ ಉಬ್ಬಿತು. ಮಗು ಕಿರುಚಲು ಬಾಯಿ ತೆರೆಯಿತು.

ಆಗ ಅತ್ತೆ ಬಂದರು. ಹಿತ್ತಿಲಲ್ಲಿದ್ದವರು. ಕಾಲ ಕೆಳಗಿನ ನೆಲ ಹೇಳಿತು ಅಂತ ಆಮೇಲೆ ಅಂದರು. ಓಡಲಿಲ್ಲ. ಮಗ್ಗಗಳ ನಡುವಿನ ಸಂದಿಯಲ್ಲಿ ನಡೆದು ನಡೆದು ಬಂದ ನಡಿಗೆ, ಸೆರಗು ಯಾವುದಕ್ಕೂ ತಾಗದಂಥದ್ದು. ಅಳಿಯನ ಎದೆಗೆ ಹಿಂಗೈ ಇಟ್ಟು ಪಕ್ಕಕ್ಕೆ ಸರಿಸಿದರು. ಎಡ ಅಂಗೈಯನ್ನು ಆ ತೂತಿನ ಮೇಲೆ ಇಟ್ಟರು.

ಸುಮ್ಮನೆ ಇಟ್ಟರು. ಒತ್ತಲಿಲ್ಲ, ಬಡಿಯಲಿಲ್ಲ. ಬೆರಳ ಸಂದಿಯಿಂದ ಜೇನು ಹರಿದು ಬಂದು ಕೈ ಮೇಲೇರಿತು. ಮಣಿಕಟ್ಟು ಮುಳುಗಿತು, ಮೊಣಕೈ ಮುಳುಗಿತು. ನೋಡನೋಡುತ್ತ ಅವರ ತೋಳಿಗೆ ಮಿಸುಕಾಡುವ ಒಂದು ತುಂಬುತೋಳಿನ ರವಿಕೆ ಬಂತು. ಮುಖದ ಮೇಲೂ ಕೆಲವು ನಡೆದಾಡಿದವು. ಅವರು ರೆಪ್ಪೆ ಮಾತ್ರ ಬಡಿಯುತ್ತಿದ್ದರು.

ಇನ್ನೊಂದು ಕೈಯನ್ನು ಪುಟ್ಟಿಯ ಕಡೆ ಚಾಚಿ, ಹೆಬ್ಬೆರಳು ತೋರುಬೆರಳು ಕೂಡಿಸಿ, ಗಾಳಿಯಲ್ಲಿ ಏನನ್ನೋ ನಿಧಾನವಾಗಿ ಎಳೆದರು. ಮಗುವಿನ ತೆರೆದ ಬಾಯಿ ಮುಚ್ಚಿತು. ಅದು ಅವರಿಬ್ಬರ ಆಟ. ಮೇಸ್ತ್ರಿ ಎಷ್ಟೋ ಸಲ ನೋಡಿ ಮುಖ ಸಿಂಡರಿಸಿದ್ದ ಆಟ. ನಡುವೆ ಒಂದು ನೂಲು ಇದೆ, ಅದು ಕಡಿಯಬಾರದು, ಸಡಿಲವೂ ಆಗಬಾರದು. ಅಜ್ಜಿ ಎಳೆದಷ್ಟೇ ಮೊಮ್ಮಗಳು ಬರಬೇಕು. ಪುಟ್ಟಿ ಇಲ್ಲದ ನೂಲಿನ ತುದಿಯನ್ನು ತನ್ನ ಪುಟ್ಟ ಬೆರಳುಗಳಲ್ಲಿ ಹಿಡಿದಳು. ಮಂಚದಿಂದ ಇಳಿದಳು.

ಕೋಣೆ ತುಂಬ ಜೇನು. ಅದರ ನಡುವೆ ಮಗು ನೂಲು ನೋಡಿಕೊಂಡು ಬಂತು. ಅಜ್ಜಿ ನಿಲ್ಲಿಸಿದರೆ ನಿಂತಿತು. ಎಳೆದರೆ ಹೆಜ್ಜೆಯಿಟ್ಟಿತು. ಕೂದಲಲ್ಲಿ ಒಂದು ಹುಳ ಸಿಕ್ಕಿಕೊಂಡು ಗುಂಯ್ಗುಟ್ಟಿದಾಗ ಅವಳ ಗಲ್ಲ ನಡುಗಿತು. ಅಜ್ಜಿಯ ಬೆರಳು ನೂಲನ್ನು ಬಿಗಿ ಹಿಡಿದವು. ಅವಳೂ ಬಿಗಿ ಹಿಡಿದಳು.

ಮೇಸ್ತ್ರಿ ಎತ್ತಿದ ಸುತ್ತಿಗೆ ಹಿಡಿದು ನಿಂತೇ ಇದ್ದ. ಕಿವಿಗೆ, ಕುತ್ತಿಗೆಗೆ ಕಚ್ಚುತ್ತಿದ್ದವು. ಅವನ ಜನ್ಮದಲ್ಲಿ ಮೊದಲ ಸಲ ಬಾಯಿಗೆ ಬಂದ ಕೂಗನ್ನು ನುಂಗಿದ, ಮತ್ತೆ ಬಂದದ್ದನ್ನು ಮತ್ತೆ ನುಂಗಿದ. ಆ ನೂಲು ಅವನಿಗೂ ಕಾಣತೊಡಗಿತ್ತು. ದೇವರಾಣೆಗೂ ಕಂಡಿತು ಅನ್ನುತ್ತಾನೆ, ಪರದೆಯ ಸಂದಿಯ ಬೆಳಕಿನಲ್ಲಿ ಮಿಂಚುತ್ತಿತ್ತಂತೆ.

ಮಗು ಅಜ್ಜಿಯ ತೋಳಿನ ಕೆಳಗೆ ನುಸುಳಿ ಬಾಗಿಲು ಮುಟ್ಟಿತು. ಅತ್ತೆ ಆಗ ಅಳಿಯನ ಕಡೆ ತಿರುಗಿ ಕೈಯಾಡಿಸಿದರು. ಅವನಿಗೆ ಒಂದೂ ತಿಳಿಯಲಿಲ್ಲ. ಹೊಸ್ತಿಲಲ್ಲಿ ನಿಂತ ಪುಟ್ಟಿ ಉಸಿರಲ್ಲೇ ಹೇಳಿದಳು.

"ಹೊರಗೆ ನೀನು ಮುಚ್ಚಿದ್ದನ್ನ ತೆಗೀಬೇಕಂತೆ. ಅದು ಅವುಗಳ ಬಾಗಿಲಂತೆ. ಸುತ್ತಿಗೆ ಬೇಡವಂತೆ ಅಪ್ಪ, ಕೈಯಲ್ಲೇ ಅಂತೆ."

ಏಣಿಯ ಮೇಲೆ ನಿಂತು ಮೇಸ್ತ್ರಿ ತಾನೇ ಸವರಿದ ಗಾರೆಯನ್ನು, ಉಳಿಯನ್ನು ಬಡಿಯದೆ ಕೈಯಲ್ಲೇ ಒತ್ತಿ ಕೆರೆದ. ಎಂಥ ಗಾರೆ ಹಾಕಿದ್ದನೋ, ಕಲ್ಲಾಗಿತ್ತು. ತನ್ನ ಕೈಕೆಲಸ ಚೆನ್ನಾಗಿದೆ ಅಂತ ಅವನು ಶಪಿಸಿದ್ದು ಅದೊಂದೇ ಸಲ. ಬಡಿಯುವಂತಿಲ್ಲ, ಬೈಯುವಂತಿಲ್ಲ. ಒಳಗೆ ಆ ಮುದುಕಿಯ ಕೈ ಇನ್ನೂ ಅಲ್ಲೇ ಇದೆ ಅನ್ನುವುದೊಂದೇ ತಲೆಯಲ್ಲಿ. ಉಗುರು ಒಡೆದವು. ಜಗುಲಿಯಿಂದ ಓಡಿಬಂದ ಹೆಂಡತಿ ಮಗಳನ್ನು ಸೊಂಟಕ್ಕೆ ಅವುಚಿಕೊಂಡು, ಇನ್ನೊಂದು ಕೈಯಲ್ಲಿ ಏಣಿ ಹಿಡಿದಿದ್ದಳು.

ಕೊನೆಯ ಚೂರು ಕಿತ್ತು ಬಂದಾಗ ಒಳಗಿಂದ ಬಿಸಿಗಾಳಿ ಅವನ ಮುಖಕ್ಕೆ ಬಡಿಯಿತು, ಯಾರೋ ಬಹಳ ಕಾಲ ಹಿಡಿದಿದ್ದ ಉಸಿರು ಬಿಟ್ಟ ಹಾಗೆ. ಆಮೇಲೆ ಅವು ಬಂದವು. ಹಗ್ಗದ ಹಾಗೆ, ತೋಳು ಗಾತ್ರದ ಹಗ್ಗ, ಬಿಚ್ಚುತ್ತ ಬಿಚ್ಚುತ್ತ ಆಕಾಶಕ್ಕೆ ಏರಿದವು. ಮೇಸ್ತ್ರಿಯ ತಲೆಯ ಸುತ್ತಲೇ ಹಾದವು. ಈಗ ಒಂದೂ ಕಚ್ಚಲಿಲ್ಲ. ಬೀದಿಯ ಜನ ತಲೆಯೆತ್ತಿ ನಿಂತರು. ಆ ಕಪ್ಪು ಮೋಡ ಮನೆಯ ಮೇಲೆ ಒಂದು ಸುತ್ತು ಹಾಕಿ, ತಾರಸಿಗಳ ಸಾಲು ದಾಟಿ, ಕಣ್ಣಿಗೆ ಮಸುಕಾಗಿ, ಇಲ್ಲವಾಯಿತು.

ಅತ್ತೆಯ ಕೈ ಊದಿ ಬಾಳೆದಿಂಡಿನ ಹಾಗಾಗಿತ್ತು. ಮುಳ್ಳುಗಳನ್ನು ಪುಟ್ಟಿಯೇ ಕೆರೆದು ತೆಗೆದಳು. ಭಾವಮೈದ ಡಾಕ್ಟರನ್ನು ಕರೆತಂದ. ತೇವದ ಮಾತು ಎತ್ತಲಿಲ್ಲ, ಜಾಣ.

ಮರುದಿನ ಮೇಸ್ತ್ರಿ ಒಬ್ಬನೇ ಆ ತೂತನ್ನು ಅಗಲ ಮಾಡಿದ, ಒಂದೊಂದೇ ಇಟ್ಟಿಗೆ ಸರಿಸಿ. ಒಳಗೆ ದೀಪ ಹಿಡಿದವನು ಹಾಗೆಯೇ ಕುಕ್ಕರಿಸಿದ. ಅವನು ಬಿಟ್ಟ ಖಾಲಿ ಜಾಗದಲ್ಲಿ ಮೇಣದ ಎರಿಗಳು ಇಳಿಬಿದ್ದಿದ್ದವು, ಒಂದರ ಪಕ್ಕ ಒಂದು, ಪುಟ್ಟಿಯ ಎತ್ತರಕ್ಕೆ. ಗಾಳಿಯ ದಾರಿ ಮುಚ್ಚಿದ್ದರಿಂದ ಒಳಗೆ ಕಾವು ಏರಿ ಎರಡು ಎರಿ ಕುಸಿದಿದ್ದವು. ಅದರ ಜೇನುತುಪ್ಪವೇ ಗೋಡೆಯಲ್ಲಿ ಸೋರಿದ್ದು. ಉಳಿದವು ಹಾಗೇ ಇದ್ದವು. ಮನೆಗೆ ಬಂದಾಗಿನಿಂದ ಇವರು ಈ ಕಡೆ, ಅವು ಆ ಕಡೆ, ನಡುವೆ ಒಂದು ಇಟ್ಟಿಗೆ. ಮೇಸ್ತ್ರಿ ಜೇಬಿನಿಂದ ತೂಗುಗುಂಡು ತೆಗೆದು ಒಂದು ಎರಿಯ ಪಕ್ಕ ದಾರ ಇಳಿಬಿಟ್ಟ. ಗುಂಡು ಅಲ್ಲಾಡಿ ಅಲ್ಲಾಡಿ ನಿಂತಿತು. ದಾರಕ್ಕೂ ಎರಿಗೂ ಕೂದಲಷ್ಟು ವ್ಯತ್ಯಾಸವಿರಲಿಲ್ಲ. ದಾರವನ್ನು ತನ್ನ ಗೋಡೆಗೆ ಹಿಡಿದು ನೋಡಿದ. ಅಲ್ಲಿ ಇತ್ತು. ಬೇಗ ಸುತ್ತಿ ಜೇಬಿಗೆ ಹಾಕಿಕೊಂಡ.

ಹಿಂದೆ ಅತ್ತೆ ಬಂದು ನಿಂತಿದ್ದರು. ಆವತ್ತು ಅವನು ನೇರವಾಗಿ ಕೇಳಿದ, ಮೀಸೆಯನ್ನು ಬೆರಳಿಂದ ಮೇಲೆತ್ತಿ ಹಿಡಿದು, ತುಟಿ ಕಾಣುವ ಹಾಗೆ.

"ಅತ್ತೆ, ನಿಮಗೆ ಏನು ಮಾಡಿಕೊಡಲಿ?"

ಅತ್ತೆ ಆ ತೂತಿನ ಅಂಚಿಗೆ ಕೈಯಿಟ್ಟರು. "ಇಲ್ಲೊಂದು ಕಿಟಕಿ ಮಾಡಿಕೊಡಿ ಅಳಿಯಂದ್ರೇ. ಕೂತ್ಕೊಂಡ್ರೆ ಹೊರಗೆ ಕಾಣೋ ಹಂಗೆ. ಮಗ್ಗದ ಮನೇಲಿ ಕಿಟಕಿನೇ ಇರಲಿಲ್ಲ."

ಆ ಮಾತು ಮುಂದಿನ ಹಿಂದಿನ ಎರಡೂ ಬೀದಿಗೆ ಕೇಳಿಸಿತು.

ಆಗಲಿ ಅಂದ. ಚೌಕಟ್ಟಿಗೆ ಮರ ತಂದ, ಗೋಡೆ ಕೊರೆದ. ಅಲ್ಲಿಂದ ಜಗಳ ಶುರುವಾಯಿತು. ನೆಲದ ಮೇಲೆ ಕೂತರೆ ಕಾಣಬೇಕು ಅಂತ ಅತ್ತೆ. ಯಾವ ಮನೆಯಲ್ಲಾದರೂ ಕಿಟಕಿ ಮೊಣಕಾಲೆತ್ತರಕ್ಕೆ ಇರುತ್ತದೆಯೇ, ನಾಯಿ ಹಾರಿ ಒಳಬರುತ್ತದೆ, ನೋಡಿದವರು ನನ್ನ ಕೆಲಸ ನೋಡಿ ನಗುತ್ತಾರೆ ಅಂತ ಅವನು. ಎದೆಯೆತ್ತರಕ್ಕೆ ಇಡುತ್ತೇನೆ, ನೀವು ಕುರ್ಚಿ ಮೇಲೆ ಕೂರಿ. ನಾನು ಕುರ್ಚಿ ಮೇಲೆ ಕೂತವಳಲ್ಲ, ಮೊಳೆ ಹೊಡೆದ ಹಾಗೆ ಸೊಂಟ ಹಿಡಿಯುತ್ತದೆ. ಪುಟ್ಟಿ ಇಬ್ಬರ ಮಾತನ್ನೂ ಆ ಕಡೆ ಈ ಕಡೆ ಸಾಗಿಸಿ ಸಾಕಾಗಿ ಆಟಕ್ಕೆ ಹೋಗುತ್ತಿದ್ದಳು. ಇದರ ನಡುವೆ ಮೇಸ್ತ್ರಿಗೆ ದೂರದಲ್ಲೊಂದು ದೊಡ್ಡ ಕಟ್ಟಡದ ಕೆಲಸ ಬಂತು. ಬಂದು ಮಾಡುತ್ತೇನೆ ಅಂದ. ಕೊರೆದ ಜಾಗಕ್ಕೆ ಗೋಣಿ ಇಳಿಬಿಟ್ಟು ಹೋದ.

ಕೆಲಸ ಮುಗಿಯುವ ಮೊದಲೇ ಕರೆ ಬಂತು. ಅತ್ತೆ ಮಧ್ಯಾಹ್ನ ಊಟ ಮಾಡಿ, ಆ ಗೋಣಿಯ ಪಕ್ಕ ನೆಲದ ಮೇಲೆ ಗೋಡೆಗೊರಗಿ ಕೂತವರು, ಕೂತಲ್ಲೇ ಹೋಗಿದ್ದರು. ಗೋಣಿಯ ಒಂದು ಮೂಲೆಯನ್ನು ಎತ್ತಿ ಮೊಳೆಗೆ ಸಿಕ್ಕಿಸಿಕೊಂಡಿದ್ದರಂತೆ. ಬೆಳಕು ಬರುವಷ್ಟು.

ಈಗಲೂ ಆ ಮನೆಗೆ ಹೋದರೆ ಕಿಟಕಿಗೆಂದು ಕೊರೆದ ಜಾಗ ಹಾಗೇ ಕಾಣುತ್ತದೆ. ಮನೆ ಕಟ್ಟಿಸಲು ಕೇಳಿಕೊಂಡು ಬಂದವರಿಗೆ ಅದು ಮೊದಲು ಕಣ್ಣಿಗೆ ಬೀಳುತ್ತದೆ. ಇದೇನು, ಮೇಸ್ತ್ರಿಯ ಮನೆಯಲ್ಲೇ ಗೋಡೆ ಬಾಯಿಬಿಟ್ಟಿದೆ ಅನ್ನುತ್ತಾರೆ. ಮೇಸ್ತ್ರಿಗೆ ಸುರ್ರೆಂದು ಏರುತ್ತದೆ. ಬಾಂಡ್ಲಿಯಲ್ಲಿ ಗಾರೆ ಉಳಿದ ಸಂಜೆಗಳಲ್ಲಿ ಮನೆ ಸುತ್ತ ಒಂದು ಸುತ್ತು ಬರುತ್ತಾನೆ, ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಾನೆ, ಕರಣೆ ಒರೆಸಿ ಒಳಗೆ ಹೋಗುತ್ತಾನೆ. ನೆಂಟರ ಮುಂದೆ ಟೊಳ್ಳು ಅಂದದ್ದು ತಪ್ಪು ಅಂತ ಇನ್ನೂ ವಾದಿಸುತ್ತಾನೆ. ಕಿಟಕಿಯ ಮಾತು ಎತ್ತಿದರೆ ಮಾತ್ರ ದನಿ ತಗ್ಗುತ್ತದೆ.

"ಎತ್ತರ ಇನ್ನೂ ತೀರ್ಮಾನ ಆಗಿಲ್ಲ," ಅನ್ನುತ್ತಾನೆ.